ಚಳಿಗಾಲದಲ್ಲಿ ತುಳಸಿ ಒಣಗುವುದೇಕೆ?

ಉತ್ಥಾನ ದ್ವಾದಶಿಯ ದಿನ ನೆಲ್ಲಿಕೊಂಬೆ, ಚೆಂಡುಹೂವು, ದೀಪಗಳ ನಡುವೆ ಕಳೆಕಳೆಯಾಗಿ ನಿಂತಿದ್ದ ತುಳಸಿ ಗಿಡವು ಸಂಕ್ರಾಂತಿ ಬರುವ ಹೊತ್ತಿಗೆ ಎಲೆ ಉದುರಿಸಿಕೊಂಡು ಬರಿಯ ಕಡ್ಡಿಯಾಗಿ ನಿಂತಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಹಳ್ಳಿಗಳಿಗೆ ಹೋದಾಗ ಬೀಜ, ಗೊಬ್ಬರ, ಸಾಲದ ಅರ್ಜಿಗಳ ಮಾತು ಜಗುಲಿಯ ಮೇಲೆ ಮುಗಿದ ನಂತರ, ಬಾಗಿಲ ಹಿಂದಿನಿಂದ ತಾಯಂದಿರು ಕೇಳುವ ಪ್ರಶ್ನೆ ಒಂದೇ: "ನಮ್ಮ ತುಳಸಿ ಏಕೆ ಒಣಗಿತು?" ಒಂದೊಂದು ಮನೆಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಬರುವುದಕ್ಕಿಂತ, ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುವುದು ಮೇಲೆಂದು ತೋರಿತು.

ಇದೇನು ಎಕರೆಗಟ್ಟಲೆ ಬೆಳೆಯುವ ಬೆಳೆಯೇ, ಇದಕ್ಕೂ ಒಂದು ಲೇಖನ ಬೇಕೇ ಎಂದು ಕೆಲವು ಯಜಮಾನರು ನಗಬಹುದು. ರಾಗಿ ಒಣಗಿದರೆ ನಾವು ಮಳೆಯನ್ನು ದೂರುತ್ತೇವೆ. ತುಳಸಿ ಒಣಗಿದರೆ ದೂರು ಹೋಗುವುದು ಮನೆಯ ಹೆಣ್ಣುಮಕ್ಕಳ ಮೇಲೆ. ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಸರಿಯಿಲ್ಲ ಎನ್ನುತ್ತಾರೆ. ಮೈಲಿಗೆಯಲ್ಲಿ ಯಾರೋ ಮುಟ್ಟಿದರು ಎನ್ನುತ್ತಾರೆ. ಮನೆಗೆ ಏನೋ ಕೇಡು ಕಾದಿದೆ ಎಂದು ಹೆದರುತ್ತಾರೆ. ಗಿಡಕ್ಕೆ ಕಾಲ್ಗುಣ ತಿಳಿಯದು. ಅದಕ್ಕೆ ತಿಳಿಯುವುದು ಬಿಸಿಲು, ನೀರು, ಗಾಳಿ, ಮಣ್ಣು ಮತ್ತು ಚಳಿ. ಇವುಗಳಲ್ಲಿ ಯಾವುದು ಹೆಚ್ಚುಕಡಿಮೆಯಾಯಿತೆಂದು ನೋಡಿದರೆ ಉತ್ತರ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ.

ಗಿಡದ ಸ್ವಭಾವ

ತುಳಸಿಯು ಬೆಚ್ಚನೆಯ ಸೀಮೆಯ ಗಿಡ. ಹಲಸು ಮಾವಿನಂತೆ ತಲೆಮಾರುಗಳ ಕಾಲ ಬಾಳುವ ಮರವಲ್ಲ. ರಾಗಿಯಂತೆ ಒಂದೇ ಬೆಳೆಗೆ ಮುಗಿಯುವುದೂ ಅಲ್ಲ. ಬುಡದಲ್ಲಿ ಕಟ್ಟಿಗೆಯಾಗುತ್ತಾ, ಮೇಲೆ ಎಳೆಯ ಕುಡಿ ಒಡೆಯುತ್ತಾ ಕೆಲವು ವರ್ಷ ಬಾಳತಕ್ಕ ಸಣ್ಣ ಪೊದೆ. ಕುಂಡದಲ್ಲಿ ಎರಡು ಮೂರು ವರ್ಷ ಚೆನ್ನಾಗಿದ್ದರೆ ಅದು ತನ್ನ ಪಾಲಿನ ಆಯುಸ್ಸನ್ನು ಬದುಕಿದೆ ಎಂದೇ ತಿಳಿಯಬೇಕು. ಐದು ವರ್ಷದ ಗಿಡ ಒಣಗಿದ್ದಕ್ಕೆ ಶಾಂತಿ ಮಾಡಿಸಲು ಹೊರಟವರನ್ನು ನೋಡಿದ್ದೇನೆ. ಐದು ವರ್ಷ ಕಾಪಾಡಿದ್ದಕ್ಕೆ ಆ ಮನೆಯವರಿಗೆ ನಾವು ಬಹುಮಾನ ಕೊಡಬೇಕಾಗಿತ್ತು!

ಮಳೆಗಾಲ ಕಳೆದು ಕಾರ್ತೀಕ ಬರುವಷ್ಟರಲ್ಲಿ ತುಳಸಿಯ ತುದಿ ತುದಿಯಲ್ಲಿ ಕದಿರು ಮೂಡುತ್ತದೆ. ನೋಡಲು ಅಂದ, ಪೂಜೆಗೂ ಶ್ರೇಷ್ಠ. ಆದರೆ ಕದಿರಿನಲ್ಲಿ ಬೀಜ ಕಟ್ಟಲು ಆರಂಭವಾದೊಡನೆ ಗಿಡವು ತನ್ನ ಆಹಾರವನ್ನೆಲ್ಲ ಅತ್ತ ಕಳುಹಿಸುತ್ತದೆ. ಹೊಸ ಎಲೆ ಬರುವುದು ನಿಲ್ಲುತ್ತದೆ, ಇದ್ದ ಎಲೆ ಚಿಕ್ಕದಾಗುತ್ತದೆ. ಬೀಜ ಬಲಿತ ಮೇಲೆ ತನ್ನ ಕೆಲಸ ಮುಗಿಯಿತೆಂಬಂತೆ ಗಿಡ ಸೊರಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಚಳಿಯೂ ಬರುತ್ತದೆ. ಬೀಜ ಹೊತ್ತು ಬಡವಾದ ಗಿಡಕ್ಕೆ ಚಳಿಯನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಆದುದರಿಂದ ಕದಿರು ಎಳೆಯದಾಗಿರುವಾಗಲೇ, ಎಂದರೆ ಹಸಿರಾಗಿರುವಾಗಲೇ, ಉಗುರಿನಿಂದ ಚಿವುಟಿ ದೇವರಿಗೆ ಏರಿಸಿಬಿಡಿ. ಬೀಜಕ್ಕೆಂದು ಎರಡು ಮೂರು ಕದಿರು ಬಿಟ್ಟರೆ ಸಾಕು. ದ್ವಾದಶಿ, ಭಾನುವಾರ ಮೊದಲಾದ ದಿನ ತುಳಸಿ ಮುಟ್ಟುವುದಿಲ್ಲವೆಂಬ ವಾಡಿಕೆ ಕೆಲವು ಮನೆಗಳಲ್ಲಿದೆ. ಅದಕ್ಕೆ ಅಡ್ಡಿಯೇನೂ ಇಲ್ಲ. ವಾರದಲ್ಲಿ ಎರಡು ದಿನ ಚಿವುಟಿದರೂ ಕೆಲಸ ನಡೆಯುತ್ತದೆ.

ನೀರಿನ ಮಾತು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನನ್ನ ಎಣಿಕೆಯಲ್ಲಿ ಚಳಿಗಾಲದಲ್ಲಿ ಸಾಯುವ ತುಳಸಿಗಳಲ್ಲಿ ಹೆಚ್ಚಿನವು ನೀರಿಲ್ಲದೆ ಸಾಯುವುದಿಲ್ಲ, ನೀರು ಹೆಚ್ಚಾಗಿ ಸಾಯುತ್ತವೆ.

ಬೆಳಿಗ್ಗೆ ಸ್ನಾನ ಮಾಡಿ ತುಳಸಿಗೆ ಒಂದು ಚೊಂಬು ನೀರು ಹಾಕುವುದು ನಮ್ಮ ಪದ್ಧತಿ. ಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ದರೆ ನಾಲ್ಕು ಚೊಂಬು. ಬೇಸಗೆಯಲ್ಲಿ ಇದು ಒಳ್ಳೆಯದೇ, ಏಕೆಂದರೆ ಬಿಸಿಲಿಗೆ ಮಣ್ಣು ಬೇಗ ಆರುತ್ತದೆ, ಗಿಡವೂ ಹೆಚ್ಚು ಕುಡಿಯುತ್ತದೆ. ಚಳಿಗಾಲದಲ್ಲಿ ಗಿಡದ ಬೆಳವಣಿಗೆ ನಿಧಾನ, ಅದು ಕುಡಿಯುವ ನೀರು ಕಡಿಮೆ, ಆರುವುದೂ ಕಡಿಮೆ. ಹಾಕುವ ನೀರು ಮಾತ್ರ ಅಷ್ಟೇ. ಬೇರಿಗೂ ನಮ್ಮಂತೆಯೇ ಉಸಿರಾಟ ಉಂಟು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯನ್ನು ಅದು ತೆಗೆದುಕೊಳ್ಳುತ್ತದೆ. ಆ ಸಂದುಗಳೆಲ್ಲ ಹಗಲು ರಾತ್ರಿ ನೀರಿನಿಂದ ತುಂಬಿದ್ದರೆ ಬೇರು ಉಸಿರು ಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಕೊಳೆ ಹತ್ತುತ್ತದೆ. ಭತ್ತಕ್ಕೆ ನಿಂತ ನೀರು ಒಗ್ಗುತ್ತದೆ, ತುಳಸಿಗೆ ಒಗ್ಗುವುದಿಲ್ಲ.

ಇಲ್ಲಿ ಒಂದು ಮೋಸವಿದೆ, ಗಮನಿಸಿ. ಬೇರು ಕೊಳೆತ ಗಿಡ ನೀರನ್ನು ಮೇಲಕ್ಕೆ ಎಳೆಯಲಾರದು. ಆದ್ದರಿಂದ ಎಲೆ ಬಾಡಿ ಜೋಲುತ್ತದೆ. ಬಾಡಿದ ಎಲೆ ಕಂಡ ತಾಯಂದಿರು ಪಾಪ, ಬಾಯಾರಿದೆ ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಉಳಿದಿದ್ದ ಬೇರೂ ಹೋಗುತ್ತದೆ. ಬಾಯಾರಿ ಬಾಡಿದ ಗಿಡಕ್ಕೆ ಬೆಳಿಗ್ಗೆ ನೀರು ಹಾಕಿದರೆ ಸಂಜೆಯೊಳಗೆ ಎಲೆ ನಿಮಿರಿಕೊಳ್ಳುತ್ತದೆ. ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದ್ದರೆ, ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿದ್ದರೆ, ಅದು ಬೇರಿನ ರೋಗ. ಆಗ ನೀರು ನಿಲ್ಲಿಸುವುದೇ ಔಷಧಿ.

ನನ್ನ ವೃತ್ತದ ಒಂದು ಹಳ್ಳಿಯಲ್ಲಿ, ಹೆಸರು ಬೇಡ, ಒಂದು ಮನೆಯಲ್ಲಿ ಮೂರು ವರ್ಷದಲ್ಲಿ ಮೂರು ತುಳಸಿ ಒಣಗಿದ್ದವು. ಸೊಸೆ ಮನೆಗೆ ಬಂದದ್ದೂ ಮೂರು ವರ್ಷದ ಹಿಂದೆಯೇ. ಲೆಕ್ಕ ಕೂಡಿಸುವವರಿಗೆ ಇಷ್ಟು ಸಾಕಲ್ಲ! ಆ ಹುಡುಗಿ ತುಳಸಿಯ ಬಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ವಿಚಾರಿಸಿದಾಗ ತಿಳಿದದ್ದು, ಅದೇ ವರ್ಷ ಮದುವೆಗೆಂದು ಹಳೆಯ ಮಣ್ಣಿನ ಕಟ್ಟೆಯನ್ನು ಕೆಡವಿ ಪೇಟೆಯಿಂದ ಸಿಮೆಂಟಿನ ಬೃಂದಾವನ ತಂದು ಕೂರಿಸಿದ್ದರು. ಗಿಡ ಕಿತ್ತು ನೋಡಿದೆವು. ಬೇರು ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರುತ್ತಿತ್ತು. ಮಣ್ಣಿನಿಂದ ಚರಂಡಿಯ ವಾಸನೆ. ಒಂದೂವರೆ ಅಡಿ ಆಳದ ಆ ಬೃಂದಾವನಕ್ಕೆ ನೀರು ಹೋಗಲು ತಳದಲ್ಲಿ ಒಂದು ತೂತೂ ಇರಲಿಲ್ಲ. ಅದು ಕುಂಡವಲ್ಲ, ತೊಟ್ಟಿ. ಉಳಿ ಸುತ್ತಿಗೆ ತರಿಸಿ ಪಕ್ಕದಲ್ಲಿ, ತಳಕ್ಕೆ ಸಮನಾಗಿ, ಎರಡು ತೂತು ಹೊಡೆಸಿದೆವು. "ನೋಡಪ್ಪಾ, ದೇವರ ಕಟ್ಟೆಗೆ ಉಳಿ ಇಡಬಹುದೇ?" ಎಂದು ಅಜ್ಜಿ ಕೇಳಿದರು. "ಅಜ್ಜಿ, ದೇವರ ಗರ್ಭಗುಡಿಯಲ್ಲೂ ಅಭಿಷೇಕದ ನೀರು ಹೋಗಲು ದಾರಿ ಬಿಟ್ಟಿರುತ್ತಾರಲ್ಲವೇ?" ಎಂದೆ. ಅಜ್ಜಿ ಒಪ್ಪಿದರು. ಈಗ ಅಲ್ಲಿರುವ ಗಿಡಕ್ಕೆ ನೀರು ಹಾಕುವವಳು ಆ ಸೊಸೆಯೇ.

ನಿಮ್ಮ ಮನೆಯ ಬೃಂದಾವನವನ್ನು ಇಂದೇ ಪರೀಕ್ಷಿಸಿ. ಎರಡು ಚೊಂಬು ನೀರು ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಕೆಳಗಿನಿಂದ ನೀರು ಒಸರಬೇಕು. ಒಸರದಿದ್ದರೆ ತೂತು ಇಲ್ಲ, ಅಥವಾ ಮುಚ್ಚಿಹೋಗಿದೆ. ತೂತು ಹೆಬ್ಬೆರಳು ಹೋಗುವಷ್ಟು ಇರಲಿ. ಗಿಡ ನೆಡುವಾಗ ತೂತಿನ ಮೇಲೆ ಒಡೆದ ಹೆಂಚಿನ ಚೂರನ್ನು ಕವುಚಿ ಇಟ್ಟರೆ ಮಣ್ಣು ಕಟ್ಟಿಕೊಳ್ಳುವುದಿಲ್ಲ, ನೀರು ಮಾತ್ರ ಇಳಿಯುತ್ತದೆ.

ಇನ್ನು ಯಾವಾಗ ನೀರು ಹಾಕಬೇಕೆಂಬುದು. ಇದಕ್ಕೆ ದಿನದ ಲೆಕ್ಕ ಹೇಳುವವರ ಮಾತನ್ನು ಕೇಳಬೇಡಿ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ಬೆರಳಿಗೆ ತಂಪು ಹತ್ತಿ ಮಣ್ಣು ಅಂಟಿದರೆ ಅಂದು ನೀರು ಬೇಡ. ಒಣಗಿ ಉದುರಾಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಬಿಡಿ. ಎತ್ತಲಾಗುವ ಕುಂಡವಾದರೆ ಎತ್ತಿ ನೋಡಿದರೂ ತಿಳಿಯುತ್ತದೆ. ನಾಲ್ಕು ದಿನದಲ್ಲಿ ಕೈಗೆ ಭಾರದ ಅಂದಾಜು ಬಂದುಬಿಡುತ್ತದೆ. ಮಣ್ಣಿನ ಕುಂಡವು ಮೈಯಿಂದಲೂ ನೀರನ್ನು ಆರಿಸುತ್ತದೆ. ಪ್ಲಾಸ್ಟಿಕ್ ಕುಂಡ, ಬಣ್ಣ ಬಳಿದ ಸಿಮೆಂಟು, ಟೈಲ್ಸ್ ಹಚ್ಚಿದ ಬೃಂದಾವನ ಆರಿಸುವುದಿಲ್ಲ. ಅವುಗಳಿಗೆ ಇನ್ನೂ ಕಡಿಮೆ ಸಾಕು.

ಹಾಗಾದರೆ ದಿನನಿತ್ಯದ ಪೂಜೆ ಹೇಗೆ ಎಂದು ಕೇಳುವಿರಿ. ಉದ್ಧರಣೆಯಲ್ಲಿ ಒಂದು ಸಲ ನೀರೆರೆದರೆ ಪೂಜೆಗೆ ಲೋಪವಿಲ್ಲ, ಗಿಡಕ್ಕೂ ತೊಂದರೆಯಿಲ್ಲ. ಉಳಿದ ಚೊಂಬಿನ ನೀರನ್ನು ಕಟ್ಟೆಯ ಬುಡಕ್ಕೆ, ಹೊರಗೆ ಎರೆಯಿರಿ. ನೀರನ್ನು ಸೂರ್ಯ ಮೇಲೇರಿದ ಮೇಲೆ ಹಾಕುವುದು ಉತ್ತಮ, ಸಂಜೆ ಬೇಡವೇ ಬೇಡ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರು, ರಾತ್ರಿ ಹೊರಗೆ ಇಟ್ಟ ಹಂಡೆಯ ನೀರು ಮುಂಜಾನೆ ಕೊರೆಯುತ್ತಿರುತ್ತದೆ. ಬಾವಿಯಿಂದ ಆಗಲೇ ಸೇದಿದ ನೀರು ಚಳಿಗಾಲದಲ್ಲಿ ಬೆಚ್ಚಗಿರುವುದು ನಿಮಗೆ ತಿಳಿದದ್ದೇ. ತುಳಸಿಗೆ ಅದೇ ಹಿತ.

ಬಿಸಿಲು ಎತ್ತ ಹೋಯಿತು?

ತುಳಸಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. "ನಮ್ಮ ಕಟ್ಟೆ ಇರುವ ಜಾಗ ಬದಲಾಗಿಲ್ಲ, ಬೇಸಗೆಯಲ್ಲಿ ಚೆನ್ನಾಗಿಯೇ ಇತ್ತು" ಎಂದು ಹೇಳುವವರುಂಟು. ಕಟ್ಟೆ ಕದಲಿಲ್ಲ ನಿಜ, ಸೂರ್ಯ ಕದಲಿದ್ದಾನೆ. ಜೂನ್ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಅಲ್ಲಿಂದ ದಿನೇ ದಿನೇ ದಕ್ಷಿಣಕ್ಕೆ ವಾಲುತ್ತಾ ಡಿಸೆಂಬರ್ 21, 22ರ ಹೊತ್ತಿಗೆ ದಕ್ಷಿಣದ ಕೊನೆ ಮುಟ್ಟುತ್ತಾನೆ. ಹಾಸನ, ಬೆಂಗಳೂರುಗಳು ಭೂಮಧ್ಯರೇಖೆಯಿಂದ 13 ಡಿಗ್ರಿಯಷ್ಟು ಉತ್ತರದಲ್ಲಿವೆ. ಈ ಮಟ್ಟದಲ್ಲಿ ಆ ದಿನಗಳಲ್ಲಿ 10 ಅಡಿ ಎತ್ತರದ ಗೋಡೆಯ ನೆರಳು ನಡುಮಧ್ಯಾಹ್ನವೂ ಸುಮಾರು ಏಳೂವರೆ ಅಡಿ ಉತ್ತರಕ್ಕೆ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಉತ್ತರ ದಿಕ್ಕಿಗೆ ಬಾಗಿಲಿರುವ ಮನೆಯಲ್ಲಿ ತುಳಸಿ ಬಾಗಿಲಿನಿಂದ ಆರೇಳು ಅಡಿಯಲ್ಲಿದ್ದರೆ, ಮಧ್ಯಾಹ್ನದ ಹದವಾದ ಬಿಸಿಲು ಎರಡು ತಿಂಗಳು ಅದರ ಬುಡಕ್ಕೆ ಬೀಳುವುದೇ ಇಲ್ಲ. ಮೇಲೆ ಮಹಡಿ ಕಟ್ಟಿಸಿದ ಮನೆಯಾದರೆ ಗಿಡದ ತಲೆಗೂ ಬೀಳುವುದಿಲ್ಲ. ಪಕ್ಕದ ಮನೆಯವರು ಮಹಡಿ ಕಟ್ಟಿಸಿದ ವರ್ಷವೇ ನಮ್ಮ ತುಳಸಿ ಸತ್ತಿತು ಎಂಬ ದೂರಿನಲ್ಲಿ ದೃಷ್ಟಿಯ ಮಾತು ಸುಳ್ಳಾದರೂ ನೆರಳಿನ ಮಾತು ನಿಜವಿರಬಹುದು.

ಹಗಲೂ ಆಗ ಚಿಕ್ಕದು. ಜೂನಿನ ಹಗಲಿಗಿಂತ ಡಿಸೆಂಬರಿನ ಹಗಲು ನಮ್ಮಲ್ಲಿ ಸುಮಾರು ಒಂದೂವರೆ ಗಂಟೆ ಕಡಿಮೆ. ಇದಕ್ಕೆ ಪರಿಹಾರ ಸುಲಭ. ಪೂಜೆಯ ಕಟ್ಟೆ ತನ್ನ ಜಾಗದಲ್ಲೇ ಇರಲಿ. ಗಿಡವನ್ನು ಮಾತ್ರ ಕಟ್ಟೆಯ ಮಣ್ಣಿಗೆ ನೆಡದೆ, ಮಣ್ಣಿನ ಕುಂಡದಲ್ಲಿ ಬೆಳೆಸಿ ಆ ಕುಂಡವನ್ನು ಕಟ್ಟೆಯೊಳಗೆ ಇಳಿಸಿಡಿ. ಪೂಜೆ ಮುಗಿದ ಮೇಲೆ ಎತ್ತಿ ಮನೆಯ ದಕ್ಷಿಣಕ್ಕೋ ಪೂರ್ವಕ್ಕೋ ಬಿಸಿಲಿನಲ್ಲಿಟ್ಟು, ಸಂಜೆ ಮತ್ತೆ ತಂದಿಡಬಹುದು. ಈ ಒಂದು ಏರ್ಪಾಡಿನಿಂದ ಚಳಿಗಾಲದ ಅರ್ಧ ತೊಂದರೆ ಕಳೆಯುತ್ತದೆ.

ಚಳಿಯಿಂದ ಕಾಪಾಡುವುದು

ತುಳಸಿಯು 10 ಡಿಗ್ರಿ ಸೆಂಟಿಗ್ರೇಡಿನ ಕೆಳಗಿನ ಚಳಿಯನ್ನು ತಾಳಲಾರದು. ಎಲೆ ಕಪ್ಪಿಟ್ಟು, ಮುದುರಿ, ಉದುರುತ್ತದೆ. ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ ಎನ್ನಬೇಡಿ. ಬೆಂಗಳೂರಿನಲ್ಲೇ 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದ ದಾಖಲೆಯಿದೆ. ಬೀದರ, ವಿಜಯಪುರದ ಕಡೆ ಚಳಿ ಹೆಚ್ಚಾದ ವರ್ಷಗಳಲ್ಲಿ 10ರ ಕೆಳಗೆ ಹೋಗುವುದುಂಟು. ಮಲೆನಾಡಿನ ತಗ್ಗುಗಳಲ್ಲಿ ಮುಂಜಾವದ ಚಳಿ ಹೇಗಿರುತ್ತದೆಂದು ಹಾಲು ಹಾಕಲು ಹೋಗುವವರನ್ನು ಕೇಳಿ. ಒಂದು ವಿಷಯ: ಕೃಷ್ಣತುಳಸಿಯ ಎಲೆ ಹುಟ್ಟಿನಿಂದಲೇ ಕಪ್ಪುಗೆಂಪು, ಅದನ್ನು ಚಳಿಯ ಪೆಟ್ಟೆಂದು ತಿಳಿಯಬಾರದು.

ಬಯಲಿನಲ್ಲಿರುವ ಗಿಡಕ್ಕೆ ಮಾಡಿನ ಕೆಳಗಿನ ಗಿಡಕ್ಕಿಂತ ಚಳಿ ಏಕೆ ಹೆಚ್ಚು? ಹಗಲು ಕಾದ ನೆಲ, ಗಿಡ, ಕಲ್ಲು ಎಲ್ಲವೂ ರಾತ್ರಿ ತಮ್ಮ ಕಾವನ್ನು ಆಕಾಶದ ಕಡೆಗೆ ಬಿಡುತ್ತವೆ. ಮೋಡವಿದ್ದರೆ ಅದು ಕಂಬಳಿಯಂತೆ ಸ್ವಲ್ಪ ಕಾವನ್ನು ಹಿಂದಕ್ಕೆ ಕೊಡುತ್ತದೆ. ನಕ್ಷತ್ರ ಫಳಫಳ ಹೊಳೆಯುವ, ಗಾಳಿಯಾಡದ ರಾತ್ರಿಯಲ್ಲಿ ತಡೆಯೇ ಇಲ್ಲ. ಎಲೆಯು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಎಲೆಯ ಮೇಲೆ ಇಬ್ಬನಿ ಕೂರುವುದೂ ಇದರಿಂದಲೇ. ತಲೆಯ ಮೇಲೆ ಏನಾದರೊಂದು ಮರೆಯಿದ್ದರೆ ಆ ಮರೆಯೇ ಮೋಡದ ಕೆಲಸ ಮಾಡುತ್ತದೆ. ಆದುದರಿಂದ ಕುಂಡದ ತುಳಸಿಯನ್ನು ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಗೆ ಏರಿಸಿಬಿಡಿ, ಗೋಡೆಯ ಬದಿಗೆ. ಹಗಲು ಬಿಸಿಲುಂಡ ಗೋಡೆ ರಾತ್ರಿಯೆಲ್ಲ ಸ್ವಲ್ಪ ಬೆಚ್ಚಗಿರುತ್ತದೆ. ಎತ್ತಲಾಗದ ಕಟ್ಟೆಯಾದರೆ ನಾಲ್ಕು ಕಡ್ಡಿ ನೆಟ್ಟು ಮೇಲೆ ಹಳೆಯ ಪಂಚೆಯನ್ನು ಹೊದಿಸಿ. ಬಟ್ಟೆ ಎಲೆಗೆ ತಗುಲದಿರಲಿ. ಬೆಳಿಗ್ಗೆ ಮರೆಯದೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೆ ನೀರು ಕಟ್ಟಿ ಎಲೆ ಕೊಳೆಯುತ್ತದೆ.

ಅಂಗಳವೇ ಇಲ್ಲದ ಹೊಸ ಮನೆಗಳಲ್ಲಿ, ಪೇಟೆಗೆ ಹೋಗಿ ಮಹಡಿಯ ಮೇಲೆ ಬಾಡಿಗೆಗಿರುವ ನಿಮ್ಮ ಮಕ್ಕಳ ಮನೆಗಳಲ್ಲಿ, ತುಳಸಿ ಹಗಲೂ ಒಳಗೇ ಇರಬೇಕಾಗುತ್ತದೆ. ಅಲ್ಲಿ ದಕ್ಷಿಣದ ಕಿಟಕಿ ಶ್ರೇಷ್ಠ, ಪೂರ್ವದ್ದು ಎರಡನೆಯದು. ಕಿಟಕಿಯ ಕಟ್ಟೆಯ ಮೇಲೆಯೇ ಇಡಿ. ನಮ್ಮ ಕಣ್ಣಿಗೆ ಕೋಣೆಯೆಲ್ಲ ಬೆಳಕಾಗಿ ಕಂಡರೂ ಕಿಟಕಿಯಿಂದ ಎರಡು ಮೊಳ ಒಳಗೆ ಗಿಡದ ಪಾಲಿಗೆ ಕತ್ತಲೆಯೇ. ಕುಡಿ ಬಿಳಚಿಕೊಂಡು, ಗೆಣ್ಣಿನ ನಡುವೆ ಉದ್ದುದ್ದ ಬೆಳೆದು ಕಿಟಕಿಯ ಕಡೆ ಬಾಗಿದರೆ ಬೆಳಕು ಸಾಲದೆಂದು ಅರ್ಥ. ನಾಲ್ಕು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಬೆಚ್ಚಗಿರಲೆಂದು ಒಲೆಯ ಬಳಿ ಇಡಬಾರದು; ಹೊಗೆ ಮತ್ತು ಒಣ ಕಾವು ಚಳಿಗಿಂತ ಕೆಟ್ಟವು. ಬಹುಕಾಲ ಒಳಗಿದ್ದ ಗಿಡವನ್ನು ಒಮ್ಮೆಲೇ ಉರಿಬಿಸಿಲಿಗೆ ಇಟ್ಟರೆ ಎಲೆ ಸುಟ್ಟಂತಾಗುತ್ತದೆ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಒಂದು ವಾರದಲ್ಲಿ ಒಗ್ಗಿಸಬೇಕು.

ಭಕ್ತಿಯಿಂದ ಆಗುವ ಕೆಲವು ತೊಂದರೆಗಳು

ಹಿರಿಯರು ತಪ್ಪು ತಿಳಿಯಬಾರದು. ಗಿಡದ ಕಡೆಯಿಂದ ಇಷ್ಟನ್ನು ಹೇಳಲೇಬೇಕಾಗಿದೆ. ಹಬ್ಬದ ದಿನ ನೆಲ್ಲಿಯ ಕೊಂಬೆಯನ್ನು, ಕೆಲವೆಡೆ ಕಬ್ಬನ್ನೂ, ತುಳಸಿಯ ಪಕ್ಕದಲ್ಲಿ ನೆಡುತ್ತೇವೆ. ದೊಡ್ಡ ಕಟ್ಟೆಯಲ್ಲಿ ಇದರಿಂದ ಏನೂ ಆಗದು. ಒಂದು ಗೇಣು ಅಗಲದ ಕುಂಡದಲ್ಲಿ ಬುಡಕ್ಕೆ ತಾಗಿಸಿ ಕೊಂಬೆ ಚುಚ್ಚಿದರೆ ಅರ್ಧ ಬೇರು ಹರಿದುಹೋಗುತ್ತದೆ. ಹಬ್ಬವಾದ ಎರಡು ವಾರಕ್ಕೆ ಒಣಗಿದ ಗಿಡಗಳನ್ನು ಕಂಡಾಗ ನಾನು ಮೊದಲು ಕೇಳುವುದು, ಕೊಂಬೆ ಎಲ್ಲಿ ನೆಟ್ಟಿರಿ ಎಂದು. ಕುಂಡದ ಹೊರಗೆ ಇನ್ನೊಂದು ಡಬ್ಬದಲ್ಲಿ ಮಣ್ಣು ತುಂಬಿ ನೆಲ್ಲಿಯನ್ನು ಅದರಲ್ಲಿ ನಿಲ್ಲಿಸಿ, ತುಳಸಿಗೆ ತಾಗುವಂತೆ ಜೊತೆಗಿಟ್ಟರಾಯಿತು.

ದೀಪವನ್ನು ಬುಡದಲ್ಲಿಡದೆ ಕಟ್ಟೆಯ ಗೂಡಿನಲ್ಲಿಡಿ. ಉರಿಯ ಕಾವಿಗೆ ಕಾಂಡದ ತೊಗಟೆ ಬೆಂದರೆ ಎಲೆಗಳಿಂದ ಬೇರಿಗೆ ಆಹಾರ ಇಳಿಯುವ ದಾರಿ ಕಡಿಯುತ್ತದೆ. ಹಾಲು ಎರೆದರೆ ಮಣ್ಣಿನ ಮೇಲೆ ಕೆನೆಗಟ್ಟಿ ಹುಳಿಯುತ್ತದೆ. ಅಕ್ಷತೆ, ಬೆಲ್ಲಕ್ಕೆ ಇರುವೆ ಬರುತ್ತದೆ, ಇರುವೆಯ ಹಿಂದೆ ಹಿಟ್ಟು ತಿಗಣೆ ಬರುತ್ತದೆ. ಅರಿಶಿನ ಕುಂಕುಮವನ್ನು ಕಟ್ಟೆಯ ಮೈಗೆ ಹಚ್ಚಿ. ಮಣ್ಣಿಗೆ ಸುರಿದ ಕುಂಕುಮ ಪೇಟೆಯ ಬಣ್ಣದ ಪುಡಿಯಾಗಿರುವುದೇ ಹೆಚ್ಚು, ಅದರಲ್ಲಿ ಏನಿದೆಯೋ ಮಾರುವವನಿಗೂ ತಿಳಿಯದು.

ಹುಳು, ರೋಗ

ಎಲೆ ಮುರುಟಿಕೊಂಡು ಕಂದು ಬಣ್ಣಕ್ಕೆ ತಿರುಗಿದರೆ ಎಲೆಯ ಅಡಿಭಾಗ ನೋಡಿ. ಎಳ್ಳಿಗಿಂತ ಚಿಕ್ಕದಾದ, ಬಲೆಯಂಥ ರೆಕ್ಕೆಯ ತಿಗಣೆಗಳೂ ಅವುಗಳ ಹಿಕ್ಕೆಯ ಕಪ್ಪು ಚುಕ್ಕೆಗಳೂ ಕಾಣಬಹುದು. ಹತ್ತಿಯಂಥ ಬಿಳಿ ಮುದ್ದೆಗಳಿದ್ದರೆ ಹಿಟ್ಟು ತಿಗಣೆ. ಮನೆಯೊಳಗಿನ ಒಣ ಗಾಳಿಯಲ್ಲಿ ಸಣ್ಣ ಜೇಡರ ನುಸಿಯೂ ಬರುತ್ತದೆ; ಎಲೆಯ ಮೇಲೆ ಸೂಜಿಮೊನೆಯಷ್ಟು ಹಳದಿ ಚುಕ್ಕೆ, ಅಡಿಯಲ್ಲಿ ತೆಳು ಬಲೆ ಇದರ ಗುರುತು. ಮೊದಲು ಹುಳು ಹತ್ತಿದ ಕುಡಿಗಳನ್ನು ಕತ್ತರಿಸಿ ಒಲೆಗೆ ಹಾಕಿ. ಉಳಿದ ಎಲೆಗಳ ಅಡಿಯನ್ನು ಬಿಸಿಲೇರಿದ ಮೇಲೆ ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು ತುಸು ಸಾಬೂನು ಸೇರಿಸಿ ಚೆನ್ನಾಗಿ ಕಲಕಿ, ಎಲೆಯ ಎರಡೂ ಕಡೆಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಸಿಂಪಡಿಸಿದ ಮೇಲೆ ಒಂದು ವಾರ ಎಲೆಯನ್ನು ತೀರ್ಥಕ್ಕೆ ಬಳಸಬೇಡಿ, ಅನಂತರವೂ ತೊಳೆದು ಬಳಸಿ.

ಇಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹೊಲಕ್ಕೆ ತಂದ ಕೀಟನಾಶಕದಲ್ಲಿ ಉಳಿದ ನಾಲ್ಕು ಹನಿಯನ್ನು "ತುಳಸಿಗೂ ಹೊಡೆಯೋಣ" ಎಂದು ಎಂದಿಗೂ ಹೊಡೆಯಬಾರದು. ತುಳಸಿಯ ಎಲೆ ನೇರವಾಗಿ ಬಾಯಿಗೆ ಹೋಗುತ್ತದೆ. ತೀರ್ಥದಲ್ಲಿ ಮುದುಕರ ಬಾಯಿಗೆ, ಕೆಮ್ಮಿನ ಕಷಾಯದಲ್ಲಿ ಮಕ್ಕಳ ಬಾಯಿಗೆ. ಗಿಡ ಹೋದರೆ ಇನ್ನೊಂದು ನೆಡಬಹುದು.

ದೊಡ್ಡಪತ್ರೆ, ಮರುಗ ಮತ್ತು ಒಬ್ಬ ಪರದೇಶಿ ನೆಂಟ

ತುಳಸಿಯ ಕಾಂಡದ ಎಳೆಯ ತುದಿಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ. ದುಂಡಗಿಲ್ಲ, ನಾಲ್ಕು ಮೂಲೆಯಿದೆ. ದೊಡ್ಡಪತ್ರೆ, ಮರುಗ, ಪುದೀನ, ಎಲ್ಲಕ್ಕೂ ಹೀಗೆಯೇ. ಇವೆಲ್ಲ ಒಂದೇ ಕುಟುಂಬದವು. ಆದರೆ ಅಣ್ಣತಮ್ಮಂದಿರ ಊಟ ಒಂದೇ ಬಗೆಯಿರುವುದಿಲ್ಲ.

ದೊಡ್ಡಪತ್ರೆಯ ಎಲೆ ದಪ್ಪ, ಒಳಗೇ ನೀರಿನ ಸಂಗ್ರಹವಿದೆ. ಚಳಿಗಾಲದಲ್ಲಿ ವಾರಕ್ಕೊಮ್ಮೆ ನೀರು ಹಾಕಿದರೂ ಅದಕ್ಕೆ ಧಾರಾಳ. ಬಚ್ಚಲ ನೀರು ಹರಿಯುವಲ್ಲಿ ನೆಟ್ಟ ದೊಡ್ಡಪತ್ರೆ ಮಳೆಗಾಲವನ್ನು ಹೇಗೋ ಕಳೆದು, ಮಕ್ಕಳಿಗೆ ನೆಗಡಿಯಾಗುವ ಪುಷ್ಯಮಾಸದಲ್ಲಿ, ಬೇಕಾದಾಗಲೇ, ಬುಡ ಕೊಳೆತು ಮಲಗುತ್ತದೆ. ಮಾರ್ಗಶಿರದಲ್ಲೇ ಒಂದು ಗೇಣುದ್ದದ ನಾಲ್ಕು ಕೊಂಬೆ ಮುರಿದು, ಒಂದು ದಿನ ನೆರಳಿನಲ್ಲಿ ಗಾಯ ಆರಿಸಿ, ಮರಳು ಬೆರೆಸಿದ ಮಣ್ಣಿನ ಡಬ್ಬದಲ್ಲಿ ಚುಚ್ಚಿ ಅಡಿಗೆಮನೆಯ ಕಿಟಕಿಯಲ್ಲಿಡಿ. ಹಿತ್ತಲಿನದು ಹೋದರೂ ತಂಬುಳಿಗೆ ಇದು ಉಳಿಯುತ್ತದೆ. ಮಗುವಿಗೆ ಉಸಿರಾಡುವುದೇ ಕಷ್ಟವಾದರೆ ಮಾತ್ರ ಪತ್ರೆಯ ರಸವನ್ನು ನಂಬಿ ಕೂರದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮರುಗಕ್ಕೆ ಬಿಸಿಲು ಹೆಚ್ಚು, ನೀರು ಕಡಿಮೆ. ಇಷ್ಟು ತಿಳಿದರೆ ಸಾಕು.

ಈಗ ಸಸ್ಯಕ್ಷೇತ್ರಗಳಲ್ಲಿ ರೋಸ್‌ಮೇರಿ ಎಂಬ ಗಿಡ ಮಾರುತ್ತಾರೆ. ಸೂಜಿಯಂಥ ಎಲೆ, ಕರ್ಪೂರದಂಥ ವಾಸನೆ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಕಲ್ಲುಗುಡ್ಡಗಳದ್ದು. ಇದೂ ಅದೇ ಕುಟುಂಬದ ನೆಂಟ. ನೀಲಗಿರಿಯಲ್ಲಿ ಎಣ್ಣೆಗಾಗಿ ಬೆಳೆಯುವುದುಂಟು. ಹಿಮ ಬೀಳುವ ದೇಶಗಳಲ್ಲಿ ಇದನ್ನು ಚಳಿಗಾಲವೆಲ್ಲ ಮನೆಯೊಳಗಿನ ಕಿಟಕಿಯಲ್ಲಿ ಕಾಪಾಡುತ್ತಾರೆ. ಅಲ್ಲಿ ಇದು ಸಾಯುವುದು ನಮ್ಮ ತುಳಸಿ ಸಾಯುವ ಕಾರಣಗಳಿಂದಲೇ: ಬೆಳಕು ಸಾಲದು, ನೀರು ಅತಿ, ಗಾಳಿಯಾಡದೆ ಎಲೆಗೆ ಬೂದಿರೋಗ. ನಮ್ಮ ಹಗುರವಾದ ಚಳಿ ಇದಕ್ಕೆ ಬಾಧಕವಲ್ಲ. ಯಾರಾದರೂ ತಂದಿದ್ದರೆ ಚಳಿಗಾಲದಲ್ಲಿ ಹೊರಗೆ ಬಿಸಿಲಿನಲ್ಲೇ ಬಿಡಿ, ಮಳೆಗಾಲದಲ್ಲಿ ಮಾತ್ರ ಮಾಡಿನ ಕೆಳಗೆ ತನ್ನಿ.

ಶಿವರಾತ್ರಿಯ ನಂತರ

ಚಳಿಯಲ್ಲಿ ತುಳಸಿಗೆ ಗೊಬ್ಬರ ಬೇಡ, ಯೂರಿಯಾ ಅಂತೂ ಒಂದು ಚಿಟಿಕೆಯೂ ಬೇಡ. ಮಲಗಿರುವವನಿಗೆ ಊಟ ತುರುಕಿದಂತಾಗುತ್ತದೆ. ಕೊಂಬೆ ಕತ್ತರಿಸುವುದಕ್ಕೂ ಅದು ಕಾಲವಲ್ಲ. ಎಲೆ ಉದುರಿದ ಗಿಡವನ್ನು ಸತ್ತಿತೆಂದು ಅವಸರದಿಂದ ಕೀಳಬೇಡಿ. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಸಿಪ್ಪೆಯ ಕೆಳಗೆ ಹಸಿರು ಕಂಡರೆ ಜೀವವಿದೆ. ನೀರು ಅಳತೆಯಲ್ಲಿಟ್ಟು ಕಾಯಿರಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಆಗ ಒಣಗಿದ ತುದಿಗಳನ್ನು ಹಸಿರು ಸಿಗುವವರೆಗೆ ಕತ್ತರಿಸಿ, ಮೇಲಿನ ಎರಡು ಅಂಗುಲ ಮಣ್ಣನ್ನು ಬೇರಿಗೆ ತಾಗದಂತೆ ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಬೊಗಸೆ ಹಾಕಿ. ಯುಗಾದಿಯ ಹೊತ್ತಿಗೆ ಚಿಗುರು ಕಾಣುತ್ತದೆ.

ಹಳೆಯ ಗಿಡ ಚೆನ್ನಾಗಿದ್ದರೂ ಒಂದು ಮರಿಗಿಡ ಯಾವಾಗಲೂ ಮನೆಯಲ್ಲಿರಲಿ. ಬೀಜಕ್ಕೆ ಬಿಟ್ಟ ಕದಿರು ಕಂದು ಬಣ್ಣಕ್ಕೆ ತಿರುಗಿದಾಗ ಕಿತ್ತು, ಅಂಗೈಯಲ್ಲಿ ತಿಕ್ಕಿ, ಹೊಟ್ಟನ್ನು ಊದಿ, ಬೀಜವನ್ನು ಕಾಗದದ ಪೊಟ್ಟಣದಲ್ಲಿಡಿ. ಬಿತ್ತುವಾಗ ಮೇಲೆ ಮಣ್ಣು ಹೆಚ್ಚು ಮುಚ್ಚಬೇಡಿ, ಕಾಣದಷ್ಟು ಉದುರಿಸಿದರೆ ಸಾಕು. ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಬೇಗ ಬೇಕಾದವರು ಹೂವಿಲ್ಲದ ನಾಲ್ಕೈದು ಅಂಗುಲದ ಕುಡಿ ತೆಗೆದು, ಕೆಳಗಿನ ಎಲೆ ಕಿತ್ತು, ಲೋಟದ ನೀರಿನಲ್ಲಿಟ್ಟರೆ ಬಿಸಿಲ ದಿನಗಳಲ್ಲಿ ಎರಡು ವಾರದೊಳಗೆ ಬೇರು ಬಿಡುತ್ತದೆ.

ನಿಜವಾಗಿಯೂ ಸತ್ತ ಗಿಡವನ್ನು ಕಿತ್ತ ಮೇಲೆ ಅದೇ ಮಣ್ಣಿಗೆ ಹೊಸದನ್ನು ನೆಡಬೇಡಿ. ಹಳೆಯ ಮಣ್ಣನ್ನು ತೆಗೆದು ತೆಂಗಿನ ಬುಡಕ್ಕೆ ಹಾಕಿ. ಕೆಮ್ಮಣ್ಣು ಎರಡು ಪಾಲು, ಮರಳು ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು ಬೆರೆಸಿ ತುಂಬಿ. ಕುಂಡವನ್ನು ಉಜ್ಜಿ ತೊಳೆದು ನಾಲ್ಕು ದಿನ ಬಿಸಿಲಿಗೆ ಕವುಚಿಡಿ. ಕಿತ್ತ ಗಿಡದ ಬೇರನ್ನು ಮಾತ್ರ ಎಸೆಯದೆ ಕಾಗದದಲ್ಲಿ ಸುತ್ತಿಟ್ಟಿರಿ. ನಾನು ನಿಮ್ಮ ಹಳ್ಳಿಗೆ ಬಂದ ದಿನ ತೋರಿಸಿದರೆ, ಅದು ಬಾಯಾರಿ ಸತ್ತದ್ದೋ ಕೊಳೆತು ಸತ್ತದ್ದೋ ಎಂದು ಮನೆಯವರೆಲ್ಲರ ಎದುರಿಗೆ, ಅತ್ತೆಯವರನ್ನೂ ಕೂರಿಸಿಕೊಂಡು, ನೋಡಿ ಹೇಳುತ್ತೇನೆ.